ಬಸ್ಸು ಹತ್ತಿದ ಕೂಡಲೇ ಸೀನು: ದಿನವೂ ಓಡಾಡುವವರು ಏನು ಮಾಡುತ್ತೀರಿ?

6.50ರ ಬಸ್ಸು | ನವೆಂಬರ್ 12, ರಾತ್ರಿ 9.20

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನವೂ ಓಡಾಡುತ್ತೇನೆ. ಹೋಗಲು ಸುಮಾರು ಅರವತ್ತು ಕಿಲೋಮೀಟರ್, ಬರಲು ಅಷ್ಟೇ. ಬೆಳಿಗ್ಗೆ ಖಾಸಗಿ ಬಸ್ಸು. ಡ್ರೈವರು ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ದೇವರ ಪಟಕ್ಕೆ ಊದುಬತ್ತಿ ಸಿಕ್ಕಿಸುವ ಹೊತ್ತಿಗೆ ನನ್ನ ಸೀನು ಶುರು. ಒಂದಲ್ಲ ಎರಡಲ್ಲ, ಹನ್ನೆರಡು ಹದಿನಾಲ್ಕು, ಒಂದರ ಬಾಲ ಹಿಡಿದು ಇನ್ನೊಂದು. ಮಂಡಗದ್ದೆ ದಾಟುವಷ್ಟರಲ್ಲಿ ಕರವಸ್ತ್ರ ಹಿಂಡುವಂತಾಗಿರುತ್ತದೆ, ಆನೆ ಬಿಡಾರದ ಸಕ್ರೆಬೈಲಿನ ಹೊತ್ತಿಗೆ ಮೂಗು ಪೂರ್ತಿ ಕಟ್ಟಿರುತ್ತದೆ. ಗಾಜನೂರಿನಲ್ಲಿ ಅಣೆಕಟ್ಟೆಯ ಕಡೆಯಿಂದ ಬರುವ ತಣ್ಣನೆಯ ಗಾಳಿಯನ್ನು ನಾನು ಬಾಯಲ್ಲಿ ಕುಡಿಯಬೇಕು.

ಕೊರೊನಾ ಹೋಗಿ ಇಷ್ಟು ದಿನವಾದರೂ ಜನರಿಗೆ ಆ ಭಯ ಬಿಟ್ಟಿಲ್ಲ. ಮೊನ್ನೆ ಪಕ್ಕದಲ್ಲಿ ಕುಳಿತಿದ್ದವರು ಮಗುವನ್ನು ಎತ್ತಿಕೊಂಡು ನಿಂತೇ ಬಂದರು, ಸೀಟು ಖಾಲಿ ಇಟ್ಟು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನನ್ನ ಅನುಮಾನ ಮೂರರ ಮೇಲೆ: ರಸ್ತೆ ಬದಿಯ ಕಾಂಗ್ರೆಸ್ ಗಿಡ, ರಸ್ತೆ ಕೆಲಸದ ಧೂಳು, ಅಡಿಕೆ ಸಿಪ್ಪೆ ಸುಡುವ ಹೊಗೆ. ಮಾತ್ರೆ ನುಂಗಿದರೆ ಕಚೇರಿಯಲ್ಲಿ ತೂಕಡಿಕೆ. ಯಾವ ಸೀಟು ಒಳ್ಳೆಯದು, ಯಾವ ಮಾಸ್ಕ್, ಏನು ಮದ್ದು? ಅನುಭವ ಇದ್ದವರು ಹೇಳಿ.

ಹಾಸ್ಟೆಲ್ ಹುಡುಗ | ನವೆಂಬರ್ 12, ರಾತ್ರಿ 9.41

ಶಂಕರಘಟ್ಟದ ಬಸ್ಸಿನಲ್ಲಿ ನಾನೂ ಇದನ್ನೇ ಅನುಭವಿಸುತ್ತೇನೆ. ಮಾಸ್ಕ್ ಹಾಕಿಕೊಳ್ಳಿ. ಹೂವಿನ ಪರಾಗ ದಪ್ಪ ಕಣ, ಅದಕ್ಕೆ ಸಾಮಾನ್ಯ ಮಾಸ್ಕ್ ಕೂಡ ಬಹುಪಾಲು ಸಾಲುತ್ತದೆ. ಹೊಗೆಗೆ, ನುಣ್ಣನೆಯ ಧೂಳಿಗೆ ಎನ್95 ಬೇಕು. ಒದ್ದೆಯಾದರೆ ಬದಲಿಸಬೇಕು, ಜೇಬಿನಲ್ಲಿ ಇನ್ನೊಂದು ಇರಲಿ. ಮುಖಕ್ಕೆ ಮಾಸ್ಕ್ ಇದ್ದರೆ ಪಕ್ಕದವರೂ ಎದ್ದು ಹೋಗುವುದಿಲ್ಲ, ಅದೊಂದು ಲಾಭ.

ಅಡಿಕೆಮನೆ | ನವೆಂಬರ್ 12, ರಾತ್ರಿ 10.05

ಸಿಪ್ಪೆಯ ವಿಷಯಕ್ಕೆ ನಮ್ಮ ತಲೆಯ ಮೇಲೆ ಗೂಬೆ ಕೂರಿಸುವುದು ಮಾಮೂಲು. ಆದರೆ ಈ ಸಲ ಒಪ್ಪುತ್ತೇನೆ. ಕೊಯ್ಲು ಶುರುವಾದರೆ ರಾಶಿ ರಾಶಿ ಸಿಪ್ಪೆ, ಯಂತ್ರದಲ್ಲಿ ಸುಲಿಸುವವರು ರಸ್ತೆ ಬದಿಯಲ್ಲಿ ಸುರಿದು ಹೋಗುತ್ತಾರೆ. ಹಸಿ ಸಿಪ್ಪೆ ಉರಿಯುವುದಿಲ್ಲ, ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಬೆಳಗಿನ ಮಂಜು ಆ ಹೊಗೆಯನ್ನು ಮೇಲೇಳಲು ಬಿಡದೆ ರಸ್ತೆಯ ಮೇಲೇ ಹಾಸಿಡುತ್ತದೆ. ನಾವು ಸಿಪ್ಪೆಯನ್ನು ಸಗಣಿ ಗಂಜಲದ ಜೊತೆ ಕೊಳೆಹಾಕಿ ತೋಟಕ್ಕೇ ಹಾಕುತ್ತೇವೆ. ಒಳ್ಳೆಯ ಗೊಬ್ಬರ, ಆದರೆ ಕೊಳೆಯಲು ತಿಂಗಳುಗಟ್ಟಲೆ ಬೇಕು, ಅಷ್ಟು ತಾಳ್ಮೆ ಎಲ್ಲರಿಗೂ ಇಲ್ಲ.

ನಿವೃತ್ತ ಮೇಷ್ಟ್ರು | ನವೆಂಬರ್ 13, ಬೆಳಿಗ್ಗೆ 5.50

ಒಂಟಿ ಸೀನು ಅಪಶಕುನ, ಎರಡು ಸೀನಿದರೆ ದೋಷವಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನಿಮ್ಮದು ಹದಿನಾಲ್ಕು. ಹೊರಟ ಕೆಲಸವೆಲ್ಲ ಕೈಗೂಡಬೇಕಲ್ಲ ಮಾರಾಯರೇ!

ತಮಾಷೆ ಇರಲಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಕಷಾಯ ಬೆಳಿಗ್ಗೆ ಒಂದು ಲೋಟ. ಬಸ್ಸು ಹತ್ತುವ ಮುಂಚೆ ಮೂಗಿನ ಹೊಳ್ಳೆಯ ಅಂಚಿಗೆ ಬೆರಳ ತುದಿಯಲ್ಲಿ ತುಪ್ಪ. ದಿನಕ್ಕೊಂದು ಚಮಚ ತುಡುವೆ ಜೇನುತುಪ್ಪ, ಅದರಲ್ಲಿ ನಮ್ಮ ಕಾಡಿನ ಪರಾಗವೇ ಇರುವುದರಿಂದ ಮೈ ಅದಕ್ಕೆ ಒಗ್ಗುತ್ತದೆ. ನನ್ನ ತಂದೆ ನಶ್ಯ ಹಾಕುತ್ತಿದ್ದರು, ಅವರಿಗೆ ನೆಗಡಿಯೇ ಬರಲಿಲ್ಲ. ಆದರೆ ನಶ್ಯವನ್ನು ನಾನು ಶಿಫಾರಸು ಮಾಡುವುದಿಲ್ಲ, ಅವರ ಪಂಚೆಗಳನ್ನು ಒಗೆದವನು ನಾನು.

ಸಾಗರದ ರೈಲು | ನವೆಂಬರ್ 13, ಬೆಳಿಗ್ಗೆ 8.15

ನಾನು ತಾಳಗುಪ್ಪ ಕಡೆಯ ರೈಲಿನಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಬರುವವಳು. ರೈಲಿನಲ್ಲಿ ಎದ್ದು ಬೇರೆ ಜಾಗಕ್ಕೆ ಹೋಗಬಹುದು, ಮುಖ ತೊಳೆಯಬಹುದು, ಅದೇ ದೊಡ್ಡ ಪುಣ್ಯ. ಅರಸಾಳಿನ ಕಾಡಿನ ಹತ್ತಿರ ಕಿಟಕಿ ತೆರೆದರೂ ನನಗೆ ಸೀನು ಬರುವುದಿಲ್ಲ. ಶಿವಮೊಗ್ಗದಲ್ಲಿ ಇಳಿದು ಸಿಟಿ ಬಸ್ಸು ಹತ್ತಿದರೆ ಬರುತ್ತದೆ. ಕಾಡು ಬೈಯುವವರು ಇದನ್ನು ಗಮನಿಸಿ.

ಸ್ಟೇರಿಂಗ್ ಹಿಂದೆ | ನವೆಂಬರ್ 13, ಮಧ್ಯಾಹ್ನ 2.30

ಹದಿನೇಳು ವರ್ಷದಿಂದ ಬಸ್ಸು ಓಡಿಸುತ್ತಿದ್ದೇನೆ, ಈಗ ಆಗುಂಬೆ ಘಾಟಿಯ ಮಿನಿ ಬಸ್ಸು. ಸೀಟಿನ ವಿಚಾರ ಕೇಳಿದಿರಲ್ಲ, ಕೇಳಿ. ಕೊನೆಯ ಸಾಲು ಬೇಡವೇ ಬೇಡ. ಬಸ್ಸು ಓಡುವಾಗ ಹಿಂದೆ ಎದ್ದ ಧೂಳು ಗಾಳಿಯ ಸೆಳೆತಕ್ಕೆ ತಿರುಗಿ ಹಿಂಬದಿಯಿಂದಲೇ ಒಳಗೆ ಬರುತ್ತದೆ. ಬಾಗಿಲ ಪಕ್ಕವೂ ಬೇಡ. ನನ್ನ ಬೆನ್ನಿಗಿರುವ ಸೀಟಿಗೆ ಎಂಜಿನ್ ಬಿಸಿ, ಊದುಬತ್ತಿ ಎರಡೂ. ಮಧ್ಯದಲ್ಲಿ, ಚಕ್ರ ಬಿಟ್ಟು, ಎಡಬದಿಯಲ್ಲಿ ಕುಳಿತುಕೊಳ್ಳಿ. ಎದುರಿನಿಂದ ಬರುವ ಲಾರಿ ಬಲಕ್ಕೆ ದಾಟುತ್ತದೆ, ಅದರ ಧೂಳು ಹೊಗೆ ಮೊದಲು ಬಲಗಡೆಯ ಕಿಟಕಿಗೆ.

ಊದುಬತ್ತಿ ಹಚ್ಚಬೇಡಿ ಎಂದು ಕೇಳಿದರೆ ಯಾವ ಡ್ರೈವರೂ ಹೂಂ ಎನ್ನುವುದಿಲ್ಲ. ನಾನೂ ಎನ್ನುವುದಿಲ್ಲ. ಆದರೆ "ಅಣ್ಣ, ಹೊರಡುವ ಹತ್ತು ನಿಮಿಷ ಮುಂಚೆ ಹಚ್ಚಿಬಿಡಿ" ಎಂದು ಒಬ್ಬ ಹೆಂಗಸು ಕೇಳಿದರು. ಅದರಲ್ಲಿ ನನಗೇನು ನಷ್ಟ? ಈಗ ಹಾಗೇ ಮಾಡುತ್ತೇನೆ.

ಇನ್ನೊಂದು ಮಾತು, ಇದು ನನ್ನ ತಪ್ಪಿನ ಕಥೆ. ನನಗೂ ಈ ರೋಗ ಇದೆ. ಒಮ್ಮೆ ಅಂಗಡಿಯಲ್ಲಿ ಕೇಳಿ ಯಾವುದೋ ನೆಗಡಿ ಮಾತ್ರೆ ನುಂಗಿ ಗಾಡಿ ಹತ್ತಿದೆ. ಘಾಟಿಯಲ್ಲಿ ಹದಿನಾಲ್ಕು ತಿರುವು. ನಾಲ್ಕನೆಯದರಲ್ಲೋ ಐದನೆಯದರಲ್ಲೋ ರೆಪ್ಪೆ ಇಳಿದು ಎದ್ದದ್ದು ನನಗೇ ಗೊತ್ತಾಯಿತು. ಬಸ್ಸು ಪಕ್ಕಕ್ಕೆ ಹಾಕಿ ಇಳಿದು ಬಂಡೆಯ ನೀರಿಗೆ ಮುಖ ಒಡ್ಡಿದೆ. ಮಾತ್ರೆ ಇಲ್ಲದೆ ಓಡಿಸುವುದೂ ಸುಲಭವಲ್ಲ: ಗಂಟೆಗೆ ಅರವತ್ತರಲ್ಲಿ ಹೋಗುವಾಗ ಒಂದು ಸೆಕೆಂಡ್ ಕಣ್ಣು ಮುಚ್ಚಿದರೆ ಬಸ್ಸು ಹದಿನಾರು ಮೀಟರಿಗಿಂತ ಹೆಚ್ಚು ಹೋಗಿರುತ್ತದೆ. ಆಮೇಲೆ ವೈದ್ಯರಿಗೆ ನನ್ನ ಕೆಲಸ ಏನೆಂದು ಹೇಳಿ, ನಿದ್ದೆ ತರದ ಮಾತ್ರೆ ಬರೆಸಿಕೊಂಡೆ.

ಔಷಧಿ ಅಂಗಡಿಯವ | ನವೆಂಬರ್ 13, ರಾತ್ರಿ 9.10

ಡ್ರೈವರ್ ಅಣ್ಣ ನುಂಗಿದ್ದರಲ್ಲಿ ಕ್ಲೋರ್‌ಫೆನಿರಮಿನ್ ಇದ್ದಿರಬೇಕು. ಹಳೆಯ ಕಾಲದ ಔಷಧಿ, ಬಹಳಷ್ಟು ನೆಗಡಿ ಮಾತ್ರೆಗಳಲ್ಲಿ ಈಗಲೂ ಇದೆ, ನಿದ್ದೆ ತರುತ್ತದೆ. ಸೆಟಿರಿಜಿನ್, ಲಿವೊಸೆಟಿರಿಜಿನ್ ಅಷ್ಟಿಲ್ಲದಿದ್ದರೂ ಕೆಲವರಿಗೆ ತೂಕಡಿಕೆ ತರುತ್ತವೆ. ಫೆಕ್ಸೊಫೆನಡಿನ್ ಬಹಳ ಕಡಿಮೆ. ಆದರೆ ಅದನ್ನು ಕಿತ್ತಳೆ, ಸೇಬಿನ ರಸದ ಜೊತೆ ನುಂಗಬೇಡಿ, ಮೈಗೆ ಹತ್ತುವುದೇ ಕಡಿಮೆಯಾಗುತ್ತದೆ. ನೀರು ಸಾಕು.

ನಮ್ಮ ಅಂಗಡಿಗೆ ಬರುವವರಲ್ಲಿ ಅನೇಕರು ಚೀಟಿ ಇಲ್ಲದೆ ಲಿವೊಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಸೇರಿದ ಮಾತ್ರೆ ಕೇಳುತ್ತಾರೆ. ಮಾಂಟೆಲುಕಾಸ್ಟ್ ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಯೋಚನೆ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅತಿ ಗಂಭೀರ ಎಚ್ಚರಿಕೆ ಕೊಟ್ಟಿತು. ಬೇರೆ ಔಷಧಿ ಕೆಲಸ ಮಾಡದಿದ್ದಾಗ ವೈದ್ಯರು ಯೋಚಿಸಿ ಕೊಡುವ ಮಾತ್ರೆ ಅದು, ಕಡಲೆಮಿಠಾಯಿ ಅಲ್ಲ.

ಮೇಷ್ಟ್ರೇ, ತುಪ್ಪದ ಮಾತು ಸರಿ. ಹೊಳ್ಳೆಯ ಅಂಚಿಗೆ ತೆಳ್ಳಗೆ ಸವರಿದರೆ ಕಣಗಳು ಅಲ್ಲೇ ಅಂಟಿಕೊಳ್ಳುತ್ತವೆ, ವ್ಯಾಸಲೀನ್ ಕೂಡ ಆದೀತು. ಒಳಗೆ ಎಣ್ಣೆ ಸುರಿಯಬಾರದು, ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಜೇನುತುಪ್ಪದ ಮಾತು ಮಾತ್ರ ಒಪ್ಪಲಾರೆ. ಸೀನು ತರಿಸುವ ಹುಲ್ಲಿನ ಪರಾಗ ಗಾಳಿಯಲ್ಲಿ ಬರುವಂಥದ್ದು, ಜೇನ್ನೊಣ ತರುವುದು ಹೆಚ್ಚಾಗಿ ಬೇರೆ ಹೂವಿನದು.

6.50ರವರೇ, ನಿಮಗೊಂದು ಪ್ರಶ್ನೆ. ಸಕ್ರೆಬೈಲಿನ ಹೊತ್ತಿಗೆ ಮೂಗು "ಪೂರ್ತಿ ಕಟ್ಟುತ್ತದೆ" ಎಂದಿರಿ. ಕಟ್ಟಿದಾಗ ಏನು ಮಾಡುತ್ತೀರಿ?

6.50ರ ಬಸ್ಸು | ನವೆಂಬರ್ 13, ರಾತ್ರಿ 9.48

ಮೂಗಿಗೆ ಬಿಡುವ ಹನಿ ಇಟ್ಟುಕೊಂಡಿದ್ದೇನೆ. ಎರಡೆರಡು ಹನಿ ಬಿಟ್ಟರೆ ನಿಮಿಷದಲ್ಲಿ ತೆರೆದುಕೊಳ್ಳುತ್ತದೆ. ಅದನ್ನು ಹೇಳುವುದೇ ಮರೆತೆ.

ಔಷಧಿ ಅಂಗಡಿಯವ | ನವೆಂಬರ್ 13, ರಾತ್ರಿ 9.52

ಎಷ್ಟು ದಿನದಿಂದ?

6.50ರ ಬಸ್ಸು | ನವೆಂಬರ್ 13, ರಾತ್ರಿ 10.15

ಯುಗಾದಿಯ ನಂತರದಿಂದ. ಮೊದಲು ದಿನಕ್ಕೊಮ್ಮೆ. ಈಗ ಬೆಳಿಗ್ಗೆ, ಮಧ್ಯಾಹ್ನ, ಬಸ್ಸಿನಲ್ಲಿ, ಮಲಗುವಾಗ. ಅಂಗಿಯ ಜೇಬಿನಲ್ಲಿ ಒಂದು, ದಿಂಬಿನ ಅಡಿಯಲ್ಲಿ ಒಂದು, ಕಚೇರಿಯ ಮೇಜಿನಲ್ಲಿ ಒಂದು. ಬರೆದು ನೋಡಿದ ಮೇಲೆ ನನಗೇ ಗಾಬರಿಯಾಗುತ್ತಿದೆ.

ಔಷಧಿ ಅಂಗಡಿಯವ | ನವೆಂಬರ್ 13, ರಾತ್ರಿ 10.40

ಗಾಬರಿ ಬೇಡ, ನಾಚಿಕೆಯೂ ಬೇಡ. ಇಂಥವರು ನನ್ನ ಅಂಗಡಿಗೆ ವಾರಕ್ಕಿಬ್ಬರು ಬರುತ್ತಾರೆ. ಕ್ಸೈಲೊಮೆಟಾಜೊಲಿನ್, ಆಕ್ಸಿಮೆಟಾಜೊಲಿನ್ ಹನಿಗಳು ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ, ಅದಕ್ಕೇ ತಕ್ಷಣ ತೆರೆದುಕೊಳ್ಳುವುದು. ಮೂರರಿಂದ ಐದು ದಿನ ದಾಟಿದರೆ ಅದೇ ತಿರುಗುಬಾಣ: ಔಷಧಿಯ ಬಲ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತವೆ. ಕಟ್ಟಿತೆಂದು ಹನಿ, ಹನಿಯಿಂದ ಮತ್ತೆ ಕಟ್ಟುವುದು. ನೀವು ಮನೆಯಲ್ಲಿ ಎದ್ದಾಗ ಬಿಟ್ಟ ಹನಿಯ ಬಲ ಇಳಿಯುವ ಹೊತ್ತಿಗೆ ನಿಮ್ಮ ಬಸ್ಸು ಸಕ್ರೆಬೈಲಿನಲ್ಲಿ ಇರುತ್ತದೆಯೇನೋ, ನೋಡಿಕೊಳ್ಳಿ. ಆನೆಗಳ ತಪ್ಪೇನೂ ಇಲ್ಲ.

ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಿ. ಮೂರೂ ಬಾಟಲಿಗಳ ಲೆಕ್ಕ ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಕೊಪ್ಪದಕ್ಕ | ನವೆಂಬರ್ 14, ಬೆಳಿಗ್ಗೆ 7.05

ನಾನು ಆಶಾ ಕಾರ್ಯಕರ್ತೆ. ಎರಡು ಮಾತು.

ಅಲರ್ಜಿಗೆ ಜ್ವರ ಬರುವುದಿಲ್ಲ. ಮೂಗು, ಕಣ್ಣು, ಅಂಗುಳು ತುರಿಸುತ್ತವೆ, ನೀರು ಸುರಿಯುತ್ತದೆ, ಅಷ್ಟೇ. ಜ್ವರ, ಮೈಕೈ ನೋವು ಇದ್ದರೆ ಬೇರೆ. ಅದರಲ್ಲೂ ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವವರೆಗೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡದ್ದು, ಇನ್ನೂ ಹೋಗಿಲ್ಲ. ಕಾಡಿಗೆ, ಒಣ ಎಲೆಯ ದರಗಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು ಬಂದರೆ "ನನಗೆ ಅಲರ್ಜಿ ಇದೆ" ಎಂದು ಮಾತ್ರೆ ನುಂಗಿ ಕುಳಿತುಕೊಳ್ಳಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸೀನಿನ ಜೊತೆ ಎದೆ ಬಿಗಿತ, ಸುಂಯ್‌ಗುಡುವ ಉಸಿರು ಇದ್ದರೂ ತಡಮಾಡಬೇಡಿ, ಅಲರ್ಜಿಯ ಮೂಗು ಮತ್ತು ಅಸ್ತಮಾ ಒಂದೇ ಮನೆಯ ಮಕ್ಕಳು.

ಎರಡನೆಯದು, ತಮ್ಮ, ಅನುಮಾನ ಮೂರರ ಮೇಲೆ ಎಂದೆಯಲ್ಲ, ಬರೆದಿಟ್ಟು ನೋಡಿದ್ದೀಯಾ? ಯಾವ ಬಸ್ಸು, ಯಾವ ಸೀಟು, ಮೊದಲ ಸೀನು ಎಲ್ಲಿ. ಬೇರೆ ಪುಸ್ತಕ ಬೇಡ, ಟಿಕೆಟ್ಟಿನ ಹಿಂಭಾಗದಲ್ಲೇ ಬರೆ.

6.50ರ ಬಸ್ಸು | ನವೆಂಬರ್ 29, ರಾತ್ರಿ 8.30

ಅಕ್ಕ ಹೇಳಿದಂತೆ ಹನ್ನೊಂದು ದಿನ ಬರೆದೆ. ಇಪ್ಪತ್ತೆರಡು ಟಿಕೆಟ್ಟುಗಳು ಈಗ ಮೇಜಿನ ಮೇಲೆ ಸಾಲಾಗಿ ಇವೆ. ಯಂತ್ರದ ಟಿಕೆಟ್ಟಿನ ಅಕ್ಷರ ಬೆವರಿಗೆ ಆಗಲೇ ಮಾಸಿದೆ, ಎಷ್ಟು ದುಡ್ಡು ಕೊಟ್ಟೆ ಎಂಬುದೂ ಕಾಣುವುದಿಲ್ಲ. ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು ಮಾತ್ರ ಹಾಗೇ ಇದೆ.

ಬೆಳಗಿನ ಹನ್ನೊಂದರಲ್ಲಿ ಒಂಬತ್ತು ದಿನ ಮೊದಲ ಸೀನು ಬಂದದ್ದು ಬಸ್ಸಿನಲ್ಲಿ ಅಲ್ಲ. ಮನೆಯಲ್ಲಿ! "ಕಂಬಳಿ ಮಡಚುವಾಗ" ಎಂದು ಆರು ಟಿಕೆಟ್ಟಿನಲ್ಲಿದೆ. "ಬಚ್ಚಲ ಒಲೆ ಊದುವಾಗ" ಎಂದು ಮೂರರಲ್ಲಿ. ಬಾಕಿ ಎರಡು ದಿನ ಊದುಬತ್ತಿಗೆ. ಸಂಜೆಯ ಹನ್ನೊಂದರಲ್ಲಿ ಸೀನಿದ್ದು ಮೂರೇ ದಿನ, ಮೂರೂ ದಿನ ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಅದೇ ರಸ್ತೆ, ಅದೇ ಕಾಂಗ್ರೆಸ್ ಗಿಡ. ಭಾನುವಾರ ಬಸ್ಸೇ ಇಲ್ಲ, ಆದರೂ ಹಾಸಿಗೆಯಲ್ಲೇ ಒಂಬತ್ತು ಸೀನು.

ಇಷ್ಟು ದಿನ ಇದು ಯಾಕೆ ತಿಳಿಯಲಿಲ್ಲ ಎಂದು ಯೋಚಿಸಿದೆ. ಮನೆಯಲ್ಲಿ ಸೀನಿದರೆ ಯಾರೂ ತಿರುಗಿ ನೋಡುವುದಿಲ್ಲ. ಬಸ್ಸಿನಲ್ಲಿ ನಲವತ್ತು ಜನ ನೋಡುತ್ತಾರೆ. ನಾನು ಎಣಿಸಿದ್ದು ಅವರು ನೋಡಿದ ಸೀನುಗಳನ್ನು ಮಾತ್ರ.

ಅಡಿಕೆಮನೆ | ನವೆಂಬರ್ 29, ರಾತ್ರಿ 8.52

ಹಾಗಾದರೆ ಸಿಪ್ಪೆಯ ಹೊಗೆಗೆ ಕ್ಷಮೆ ಕೇಳುತ್ತೀರೋ?

6.50ರ ಬಸ್ಸು | ನವೆಂಬರ್ 29, ರಾತ್ರಿ 8.55

ಬಚ್ಚಲ ಒಲೆಗೆ ನಾನು ಹಾಕುವುದೂ ಸಿಪ್ಪೆಯೇ. ಅರ್ಧ ಕೇಳುತ್ತೇನೆ.

ಕೊಪ್ಪದಕ್ಕ | ನವೆಂಬರ್ 30, ಬೆಳಿಗ್ಗೆ 6.40

ಅಂದುಕೊಂಡೆ. ಮಲೆನಾಡಿನ ಮನೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಹಾಸಿಗೆಗೆ ಸರಿಯಾದ ಬಿಸಿಲೇ ಬೀಳುವುದಿಲ್ಲ. ಗೋಡೆಯಲ್ಲಿ ಬೂಷ್ಟು, ಕಂಬಳಿಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ. ಆ ಹುಳಕ್ಕೆ ನೀರು ಕುಡಿಯಲು ಬಾಯಿ ಬೇಡ, ಗಾಳಿಯ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ, ತಿನ್ನುವುದು ನಮ್ಮ ಚರ್ಮದ ಹೊಟ್ಟು. ನಮಗೆ ಸೀನು ತರಿಸುವುದು ಹೆಚ್ಚಾಗಿ ಅದರ ಹಿಕ್ಕೆ.

ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ ಚೆನ್ನಾಗಿ ಕಾದ ನೀರಿನಲ್ಲಿ ನೆನೆಸಿ ಒಗೆಯಬೇಕು. ಐವತ್ತೈದು ಅರವತ್ತು ಡಿಗ್ರಿ ಇದ್ದರೆ ಹುಳ ಸಾಯುತ್ತದೆ. ಪೇಟೆಯವರು ಇದಕ್ಕೆ ಯಂತ್ರ ಹುಡುಕುತ್ತಾರೆ, ನಮಗೆ ಬಚ್ಚಲ ಹಂಡೆ ಇದೆ, ಕೈ ಇಡಲಾಗದಷ್ಟು ಕಾಯಿಸಿದರೆ ಆಯಿತು. ಉಣ್ಣೆ ಕಂಬಳಿಯನ್ನು ಹಾಗೆ ಬೇಯಿಸಬೇಡಿ, ಕುಗ್ಗಿ ಚಾಪೆಯಾಗುತ್ತದೆ. ಅದನ್ನು ಅಟ್ಟಕ್ಕೆ ಹಾಕಿ ಹತ್ತಿಯ ಹೊದಿಕೆ ಎರಡು ಹೊದೆಯಿರಿ. ಮಲಗುವ ಕೋಣೆಯಲ್ಲಿ ಅಡಿಕೆ ಗೋಣಿಚೀಲ ಇಟ್ಟಿದ್ದರೆ ಹೊರಗೆ ಹಾಕಿ. ಇಟ್ಟಿದ್ದೀರಿ ಎಂದು ನನಗೆ ಗೊತ್ತು.

ನಿವೃತ್ತ ಮೇಷ್ಟ್ರು | ನವೆಂಬರ್ 30, ಬೆಳಿಗ್ಗೆ 6.58

ಧೂಳುಹುಳ ಹೂವಿಗೆ ಹೋಗುವುದಿಲ್ಲವಾದ್ದರಿಂದ ಜೇನುತುಪ್ಪದ ವಾದವನ್ನು ಹಿಂತೆಗೆದುಕೊಂಡಿದ್ದೇನೆ. ಆದರೆ ಮೂಗಿಗೆ ನೀರು ಹಾಯಿಸಿ ತೊಳೆಯುವ ಜಲನೇತಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನಾನು ದಿನವೂ ಅಬ್ಬಿ ನೀರಿನಲ್ಲಿ ಮಾಡುತ್ತೇನೆ, ತಣ್ಣಗೆ, ಶುದ್ಧವಾಗಿ.

ಔಷಧಿ ಅಂಗಡಿಯವ | ನವೆಂಬರ್ 30, ಬೆಳಿಗ್ಗೆ 9.20

ಮೇಷ್ಟ್ರೇ, ದಯವಿಟ್ಟು ನಾಳೆಯಿಂದ ಕುದಿಸಿ ಆರಿಸಿದ ನೀರು. ಕುಡಿಯಲು ಶುದ್ಧವಾದದ್ದು ಮೂಗಿಗೆ ಶುದ್ಧವಲ್ಲ. ಕೆರೆ, ಹೊಳೆ, ಬಾವಿಯ ನೀರಿನಲ್ಲಿ ಇರಬಹುದಾದ ನೆಗ್ಲೇರಿಯಾ ಎಂಬ ಅಮೀಬಾ ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ, ಮೂಗಿನಿಂದ ಮಿದುಳಿಗೆ ಹೋದರೆ ಉಳಿಯುವವರು ಅಪರೂಪ. ಪಕ್ಕದ ಕೇರಳದಲ್ಲಿ 2024ರಲ್ಲಿ ಮಕ್ಕಳು ಇದರಿಂದ ತೀರಿಕೊಂಡರು. ನೇತಿ ಒಳ್ಳೆಯದೇ, ಸಂಜೆ ಬಸ್ಸಿಳಿದು ಬಂದ ಮೇಲೆ ಮಾಡಿದರೆ ದಿನದ ಧೂಳು ಹೋಗುತ್ತದೆ. ಒಂದು ಲೋಟ ಕುದಿಸಿ ಆರಿಸಿದ ನೀರಿಗೆ ಕಾಲು ಚಮಚದಿಂದ ಅರ್ಧ ಚಮಚ ಉಪ್ಪು.

ನಿವೃತ್ತ ಮೇಷ್ಟ್ರು | ನವೆಂಬರ್ 30, ಬೆಳಿಗ್ಗೆ 9.31

ಒಲೆಯ ಮೇಲೆ ಇಟ್ಟಾಯಿತು.

6.50ರ ಬಸ್ಸು | ಡಿಸೆಂಬರ್ 19, ರಾತ್ರಿ 9.00

ವೈದ್ಯರು ಟಿಕೆಟ್ಟುಗಳನ್ನು ಒಂದೊಂದಾಗಿ ಮಗುಚಿ ಓದಿದರು, ನಗಲಿಲ್ಲ. ಒಂದು ವಾರ ಮಾತ್ರೆ ನಿಲ್ಲಿಸಿ ಚರ್ಮದ ಪರೀಕ್ಷೆ ಮಾಡಿಸಿದೆ. ಮುಂಗೈಗೆ ಸಾಲಾಗಿ ಹನಿ ಇಟ್ಟು ಸೂಜಿಯಲ್ಲಿ ಚುಚ್ಚುತ್ತಾರೆ, ಕಾಲು ಗಂಟೆಯಲ್ಲಿ ಉತ್ತರ. ಧೂಳುಹುಳದ ಜಾಗ ಸೊಳ್ಳೆ ಕಚ್ಚಿದಂತೆ ಊದಿತು, ಬೂಷ್ಟಿನದು ಸ್ವಲ್ಪ. ಕಾಂಗ್ರೆಸ್ ಗಿಡದ್ದು ಮಟ್ಟಸವಾಗಿತ್ತು. ಎಷ್ಟು ವರ್ಷ ಬೈದಿದ್ದೆ ಅದನ್ನು.

ಮೂಗಿಗೆ ಫ್ಲುಟಿಕಾಸೋನ್ ಸ್ಪ್ರೇ ಕೊಟ್ಟಿದ್ದಾರೆ. ಹನಿಯಂತೆ ತಕ್ಷಣ ಏನೂ ಆಗುವುದಿಲ್ಲ, ಪೂರ್ತಿ ಗುಣ ಕಾಣಲು ವಾರ ಎರಡು ವಾರ ಬೇಕು ಎಂದು ಮೊದಲೇ ಹೇಳಿದರು. ಇದೇ ಔಷಧಿಯನ್ನು ಎರಡು ವರ್ಷದ ಹಿಂದೆ ಒಮ್ಮೆ ಬರೆದುಕೊಟ್ಟಿದ್ದರು, ಮೂರನೆಯ ದಿನ "ಕೆಲಸ ಮಾಡುವುದಿಲ್ಲ" ಎಂದು ಎಸೆದಿದ್ದೆ. ತಲೆ ಹಿಂದಕ್ಕೆ ಎತ್ತಿ ಜೋರಾಗಿ ಎಳೆದುಕೊಳ್ಳುತ್ತಿದ್ದೆ, ಎಲ್ಲ ಗಂಟಲಿಗೆ ಇಳಿಯುತ್ತಿತ್ತು. ಈಗ ತಲೆ ಸ್ವಲ್ಪ ಮುಂದೆ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿಯನ್ನು ಕಿವಿಯ ಕಡೆಗೆ ತಿರುಗಿಸಿ ಒತ್ತುತ್ತೇನೆ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆಯಂತೆ.

ಹನಿ ನಿಲ್ಲಿಸುವುದೇ ಕಷ್ಟವಾದದ್ದು. ಮೊದಲು ಎಡ ಹೊಳ್ಳೆಗೆ ಮಾತ್ರ ನಿಲ್ಲಿಸಲು ಹೇಳಿದರು. ನಾಲ್ಕು ರಾತ್ರಿ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡಿದೆ. ಐದನೆಯ ಬೆಳಗಿನ ಜಾವ ಎಡ ಹೊಳ್ಳೆಯಲ್ಲಿ ತಾನಾಗಿ ಗಾಳಿ ಆಡಿತು. ಎದ್ದು ದೀಪ ಹಾಕಿ ಕನ್ನಡಿ ನೋಡಿಕೊಂಡೆ, ಏನು ಕಾಣುತ್ತದೆ ಎಂದುಕೊಂಡೆನೋ. ಬಲ ಹೊಳ್ಳೆಗೆ ನಿಲ್ಲಿಸಿ ಇವತ್ತಿಗೆ ಆರು ದಿನ.

ಸ್ಟೇರಿಂಗ್ ಹಿಂದೆ | ಡಿಸೆಂಬರ್ 19, ರಾತ್ರಿ 9.40

ಭಲೇ. ನಾನೂ ಡ್ಯಾಶ್‌ಬೋರ್ಡಿನಲ್ಲಿದ್ದ ನನ್ನ ಹನಿಯ ಬಾಟಲಿ ಎಸೆದೆ. ಯಾರಿಗೂ ಹೇಳಿರಲಿಲ್ಲ.

6.50ರ ಬಸ್ಸು | ಜನವರಿ 9, ರಾತ್ರಿ 8.10

ಕೊನೆಯ ವರದಿ. ಕಂಬಳಿ ಅಟ್ಟದಲ್ಲಿದೆ. ಗೋಣಿಚೀಲಗಳು ಜಗಲಿಗೆ ಹೋದವು, ಹೆಂಡತಿಗೆ ಅದಕ್ಕೆ ಇನ್ನೂ ಸಿಟ್ಟು. ಒಲೆ ಊದುವ ಕೆಲಸ ತಮ್ಮನಿಗೆ ಹೋಯಿತು. ಬಸ್ಸಿನಲ್ಲಿ ಮಧ್ಯದ ಸಾಲು, ಎಡಬದಿ. ದಾರಿಯಲ್ಲಿ ಸಿಪ್ಪೆ ಹೊಗೆ ಕಂಡ ಕಡೆ ಮಾಸ್ಕ್.

ಇವತ್ತು ಬೆಳಿಗ್ಗೆ ಡ್ರೈವರು ಗೇರ್ ಹಾಕುವ ಹೊತ್ತಿಗೆ ಊದುಬತ್ತಿಯ ಎಳೆಯೊಂದು ನನ್ನ ಕಡೆಗೆ ಬಂತು. ಸೀನಿದೆ. ಕರವಸ್ತ್ರ ಹಿಡಿದು ಮುಂದಿನದಕ್ಕೆ ಕಾದೆ. ಬರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಅಜ್ಜಿ ಪೂರ್ತಿ ತಿರುಗಿ ಕುಳಿತು ನನ್ನನ್ನೇ ನೋಡಿದರು. "ಒಂಟಿ ಸೀನು. ಆಸ್ಪತ್ರೆಗೆ ಹೊರಟಿದ್ದೇನೆ ಮಗ, ಇನ್ನೊಂದು ಸೀನಿಬಿಡು" ಎಂದರು. ಬರುವುದಿಲ್ಲ ಅಜ್ಜಿ ಎಂದೆ. ಅವರು ಕಂಡಕ್ಟರನ್ನು ಕರೆದರು, ಕಂಡಕ್ಟರು ಸೀಟಿ ಊದಿದರು, ಬಸ್ಸು ನಿಂತಿತು. ಅಜ್ಜಿ ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು "ಈಗ ಹೋಗಲಿ" ಎಂದರು. 6.50ರ ಬಸ್ಸು 6.53ಕ್ಕೆ ಹೊರಟಿತು.